ಅಪ್ಪನ ಹಳೇ ಫೋಟೊದಲ್ಲಿರುವ ವಿಮಾನ ಯಾವುದು? ಎಚ್‌ಎಎಲ್ ಮ್ಯೂಸಿಯಂನಲ್ಲಿ ಇದರ ಜೋಡಿ ಸಿಗುತ್ತದಾ?

ವಿಮಾನಪುರದ_ಮಗ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಒಂದು ಸಹಾಯ ಬೇಕಾಗಿದೆ.

ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದವರು. ಈಗ ಇಲ್ಲ. ಮೊನ್ನೆ ಅಟ್ಟದ ಮೇಲಿನ ಟ್ರಂಕ್ ಇಳಿಸಿದಾಗ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. ಪೋಸ್ಟ್‌ಕಾರ್ಡ್ ಅಳತೆ. ಹಿಂದೆ ಪೆನ್ಸಿಲ್‌ನಲ್ಲಿ '66' ಅಂತ ಬರೆದಿದೆ. ಅಪ್ಪ ಅರ್ಧ ತೋಳಿನ ಷರ್ಟ್ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಒಂದು ವಿಮಾನದ ಪಕ್ಕ ನಿಂತಿದ್ದಾರೆ. ವಿಮಾನದ ಮೂಗಿಗೆ ಚೆಂಡುಹೂವಿನ ಹಾರ.

ಅಪ್ಪ ಬದುಕಿದ್ದಷ್ಟು ದಿನವೂ 'ನಮ್ಮ ಮಾರುತ್, ನಮ್ಮ ಮಾರುತ್' ಅಂತಲೇ ಹೇಳುತ್ತಿದ್ದರು. ಹಾಗಾಗಿ ಇದು ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ ಅಂತ ನಾನಂದುಕೊಂಡಿದ್ದೇನೆ. ಭಾನುವಾರ ಮಗಳನ್ನು ಕರೆದುಕೊಂಡು ಹಳೇ ವಿಮಾನ ನಿಲ್ದಾಣದ ರಸ್ತೆಯ ಮ್ಯೂಸಿಯಂಗೆ ಹೋಗಬೇಕು, ಅಪ್ಪ ನಿಂತ ಹಾಗೆಯೇ ಅವಳನ್ನು ನಿಲ್ಲಿಸಿ ಒಂದು ಫೋಟೊ ತೆಗೆಯಬೇಕು ಅಂತ ಆಸೆ. ಎಷ್ಟು ಹೊತ್ತಿಗೆ ಹೋದರೆ ಬೆಳಕು ಚೆನ್ನಾಗಿರುತ್ತದೆ? ನನ್ನ ಹತ್ತಿರ ಇರುವುದು ಫೋನು ಮತ್ತು ತಮ್ಮನ ಹಳೇ ಕ್ಯಾಮೆರಾ.

ನಂಬರ್_ಹುಚ್ಚ

ಫೋಟೊ ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕಿ ಸರ್. ಬಾಲದ ಹತ್ತಿರ ಏನೋ ಅಕ್ಷರ ಕಾಣುತ್ತಿದೆ. ಅದನ್ನು ಮಾತ್ರ ಹತ್ತಿರದಿಂದ ತೆಗೆದು ಹಾಕಿದರೆ ಇನ್ನೂ ಒಳ್ಳೆಯದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಮಾರುತ್ ಅಲ್ಲ ಅಂತ ನನಗೆ ಅನ್ನಿಸುತ್ತಿದೆ.

ತಲೆಹರಟೆ

ಶುರುವಾಯಿತು ನೋಡಿ. ಮಗ ಅಪ್ಪನ ನೆನಪು ಹೇಳುತ್ತಿದ್ದಾನೆ, ಇವರಿಗೆ ನಂಬರ್ ಬೇಕಂತೆ.

ಬೀದರ್‌_ಹುಡುಗಿ

ಅಲ್ರೀ, ಅವರು ಕೇಳಿದ್ದೇ ಅದನ್ನಲ್ಲ? ಯಾವ ವಿಮಾನ ಅಂತ ಗೊತ್ತಾಗದೆ ಅದರ ಜೋಡಿ ಎಲ್ಲಿ ಹುಡುಕುತ್ತಾರೆ?

ನನಗೆ ಕಂಡದ್ದು ಒಂದೇ. ಒಬ್ಬರೇ ಕೂರುವ ವಿಮಾನ ಇದು. ಹಾಗಾಗಿ ತರಬೇತಿ ವಿಮಾನ ಕಿರಣ್ ಅಲ್ಲ. ಕಿರಣ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ತಲೆ ದಪ್ಪ ಕಾಣುತ್ತದೆ. ನಾನು ಶಾಲೆಯ ಅಂಗಳದಿಂದ ದಿನಾ ನೋಡಿದ ವಿಮಾನ ಅದು, ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತೇನೆ. ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡ 1996ರಲ್ಲಿ ಕಟ್ಟಿದ್ದು ನಮ್ಮ ಬೀದರ್‌ನಲ್ಲೇ. ಅವರು ಮೊದಲು ಹಾರಿಸುತ್ತಿದ್ದುದು ಕಿರಣ್ ಮಾರ್ಕ್ 2.

ವಿಮಾನಪುರದ_ಮಗ

ಹತ್ತಿರದಿಂದ ತೆಗೆದು ಹಾಕಿದ್ದೇನೆ ಸರ್. ನನಗೆ '1 ಇ' ಅಂತ ಕಾಣುತ್ತದೆ, ಆಮೇಲೆ ಯಾವುದೋ ಅಂಕಿ. ಉಳಿದದ್ದು ಪಕ್ಕದಲ್ಲಿ ನಿಂತವರ ಮೊಣಕೈಯ ಹಿಂದೆ ಹೋಗಿದೆ. ಬೇಜಾರೇನಿಲ್ಲ, ನಿಜ ಗೊತ್ತಾಗಲಿ.

ನಂಬರ್_ಹುಚ್ಚ

ಅದು 1 ಅಲ್ಲ ಸರ್, ಇಂಗ್ಲಿಷಿನ 'ಐ'. 'ಐ.ಇ.' ಅಂದರೆ ಗ್ನ್ಯಾಟ್, ಆ ಕಾಲದ ಪುಟ್ಟ ಯುದ್ಧವಿಮಾನ.

ನಮ್ಮ ವಾಯುಪಡೆಯಲ್ಲಿ ಆಗ ಪ್ರತಿ ಬಗೆಯ ವಿಮಾನಕ್ಕೂ ನಂಬರಿನ ಮುಂದೆ ಅದರದ್ದೇ ಅಕ್ಷರ ಇರುತ್ತಿತ್ತು. ಹಂಟರ್‌ಗೆ 'ಬಿ.ಎ.', ಮಾರುತ್‌ಗೆ 'ಬಿ.ಡಿ.', ಕಿರಣ್‌ಗೆ 'ಯು', ಎಚ್‌ಟಿ–2ಗೆ 'ಐ.ಎಕ್ಸ್.', ಮಿಗ್–21ಕ್ಕೆ 'ಸಿ'. ಬಸ್ಸಿನ ನಂಬರ್ ನೋಡಿ ಯಾವ ಡಿಪೊ ಅಂತ ಹೇಳುವ ಹಾಗೆ. ಕ್ಲಬ್ಬಿನ ವಿಮಾನಗಳಲ್ಲಿ ಇದು ಇರುವುದಿಲ್ಲ. ಅವಕ್ಕೆ ನಾಗರಿಕ ನೋಂದಣಿಯ 'ವಿ.ಟಿ.' ಇರುತ್ತದೆ. ಜಕ್ಕೂರಿನಲ್ಲಿ ಹಾರುತ್ತಿದ್ದ ಪುಷ್ಪಕ್‌ಗಳ ಮೇಲೆ ನೀವು ನೋಡಿರುವುದು ಅದೇ.

ಅಕ್ಷರವೇ ಕಾಣದಿದ್ದರೂ ಈ ಫೋಟೊದಲ್ಲಿ ಇನ್ನೂ ಮೂರು ಸುಳಿವು ಇವೆ. ನಿಮ್ಮ ತಂದೆಯ ಮೊಣಕೈ ನೋಡಿ. ಅದು ಕಾಕ್‌ಪಿಟ್ಟಿನ ಅಂಚಿನ ಮೇಲಿದೆ! ಮಾರುತ್ ನೆಲದಿಂದ 3.6 ಮೀಟರ್ ಎತ್ತರ, 15.87 ಮೀಟರ್ ಉದ್ದ. ಅದರ ಕಾಕ್‌ಪಿಟ್ಟಿಗೆ ಮೊಣಕೈ ಊರಲು ಏಣಿಯೇ ಬೇಕು. ಗ್ನ್ಯಾಟ್ ಬರೀ 8.74 ಮೀಟರ್ ಉದ್ದ, ಬಾಲದ ತುದಿಯ ತನಕ ಅಳೆದರೂ ಎರಡೂವರೆ ಮೀಟರ್ ಎತ್ತರ. ಎರಡನೆಯದು ರೆಕ್ಕೆ. ಇಲ್ಲಿ ರೆಕ್ಕೆ ಭುಜದ ಮಟ್ಟದಲ್ಲಿ ಮೇಲಿದೆ. ಮಾರುತ್‌ಗೆ ಕೆಳಗಿದೆ. ಮೂರನೆಯದು ಕಾಲು. ಗ್ನ್ಯಾಟ್‌ನ ರೆಕ್ಕೆ ತೀರಾ ತೆಳು, ಅದರೊಳಗೆ ಚಕ್ರ ಮಡಚಿಡಲು ಜಾಗವಿಲ್ಲ. ಅದಕ್ಕೇ ಚಕ್ರಗಳು ಹೊಟ್ಟೆಯಿಂದಲೇ ಇಳಿದಿವೆ, ಕೋಳಿಮರಿಯ ಕಾಲಿನ ಹಾಗೆ.

ತಲೆಹರಟೆ

ಸರಿ ಒಪ್ಪಿದೆ ಗುರುಗಳೇ. ಮೊಣಕೈ ವಿಷಯ ನನಗೂ ಹೊಳೆದಿರಲಿಲ್ಲ.

ವಿಮಾನಪುರದ_ಮಗ

ಇದನ್ನು ಓದಿ ಒಂದು ಗಳಿಗೆ ಸುಮ್ಮನಾದೆ. ಇಷ್ಟು ವರ್ಷ ಬಂದವರಿಗೆಲ್ಲ 'ನಮ್ಮಪ್ಪ ಮಾರುತ್ ಮಾಡಿದವರು' ಅಂತ ಹೇಳಿಕೊಂಡು ತಿರುಗಿದ್ದೇನೆ. ಅಪ್ಪ ಸುಳ್ಳು ಹೇಳುವವರಲ್ಲ. ಹಾಗಾದರೆ ನಾನೇ ತಪ್ಪಾಗಿ ಕೇಳಿಸಿಕೊಂಡೆನಾ?

ನಿವೃತ್ತ_ಫಿಟ್ಟರ್

ಮಗು, ನಿಮ್ಮ ತಂದೆ ಯಾವ ವಿಭಾಗದಲ್ಲಿ ಇದ್ದರು? ಏರ್‌ಕ್ರಾಫ್ಟ್ ಕಡೆಯಾ, ಎಂಜಿನ್ ಕಡೆಯಾ?

ಹಾರ ಹಾಕಿರುವುದು ನೋಡಿದರೆ ಅದು ಆಯುಧಪೂಜೆಯ ದಿನ ಇರಬೇಕು. ಬೇರೆ ದಿನ ಒಳಗೆ ಯಾರು ಫೋಟೊ ತೆಗೆಯಲು ಬಿಡುತ್ತಾರೆ? ಆಯುಧಪೂಜೆ ಅಂದರೆ ಲೇತ್ ಮಷೀನಿಗೂ ಕುಂಕುಮ, ಸ್ಪ್ಯಾನರ್‌ಗೂ ಕುಂಕುಮ. ಬೂದಗುಂಬಳ ಒಡೆದು, ಕಡಲೆಪುರಿ ಹಂಚಿ, ಆಮೇಲೆ ಎಲ್ಲರೂ ಸಾಲಾಗಿ ನಿಂತು ಫೋಟೊ.

ವಿಮಾನಪುರದ_ಮಗ

ಅಂಕಲ್, ಎಂಜಿನ್ ಡಿವಿಷನ್. ಅಮ್ಮನನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ನಿವೃತ್ತ_ಫಿಟ್ಟರ್

ಹಾಗಾದರೆ ನಿಮ್ಮ ತಂದೆಯ ಮಾತೂ ನಿಜ, ಈ ಫೋಟೊವೂ ನಿಜ. ಹೇಳುತ್ತೇನೆ ಕೇಳಿ. ಉದ್ದ ಆದರೆ ಕ್ಷಮಿಸಿ, ನಮ್ಮ ಕಾಲದ ವಿಷಯ ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಗ್ನ್ಯಾಟ್ ಇಂಗ್ಲೆಂಡಿನ ಫೋಲಂಡ್ ಕಂಪನಿಯದು. ವಿನ್ಯಾಸ ಪೆಟ್ಟರ್ ಅನ್ನುವವರದು. ಕ್ಯಾನ್‌ಬೆರಾ ಬಾಂಬರ್ ಕೂಡ ಅದೇ ಮನುಷ್ಯನ ತಲೆಯಿಂದ ಬಂದದ್ದು. ಆ ಕಾಲದಲ್ಲಿ ಎಲ್ಲ ದೇಶದವರೂ ವಿಮಾನವನ್ನು ದೊಡ್ಡದು ಮಾಡುತ್ತಾ ಹೋಗುತ್ತಿದ್ದರು. ಇವರು ಚಿಕ್ಕದು ಮಾಡಿದರು. ಲೈಸೆನ್ಸ್ ತೆಗೆದುಕೊಂಡು ಬೆಂಗಳೂರಿನಲ್ಲೇ ಕಟ್ಟಿದೆವು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಬೀಳಿಸಿ 'ಸೇಬರ್ ಸ್ಲೇಯರ್', ಅಂದರೆ ಸೇಬರ್ ಸಂಹಾರಿ, ಅಂತ ಹೆಸರು ತಂದಿತು. ಫೋಟೊ 66ರದ್ದು ಅಂದರೆ ಅದರ ಮರುವರ್ಷ. ಆ ವರ್ಷದ ಪೂಜೆಯಲ್ಲಿ ಗ್ನ್ಯಾಟ್‌ಗೆ ದೊಡ್ಡ ಹಾರ ಬಿದ್ದಿದ್ದರೆ ಆಶ್ಚರ್ಯವೇನಿಲ್ಲ. ಮುಂದೆ 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಮೇಲೇರಿ ಒಬ್ಬರೇ ಹೋರಾಡಿ ತೀರಿಕೊಂಡದ್ದು ಗ್ನ್ಯಾಟ್‌ನಲ್ಲಿಯೇ. ವಾಯುಪಡೆಗೆ ಸಿಕ್ಕ ಒಂದೇ ಪರಮವೀರ ಚಕ್ರ ಅವರದು.

ಈಗ ಮುಖ್ಯ ವಿಷಯ. ಗ್ನ್ಯಾಟ್‌ನ ಹೊಟ್ಟೆಯಲ್ಲಿರುವ ಎಂಜಿನ್ ಆರ್ಫಿಯಸ್ 701. ಮಾರುತ್‌ನ ಹೊಟ್ಟೆಯಲ್ಲಿರುವುದು ಆರ್ಫಿಯಸ್ 703, ಒಂದಲ್ಲ ಎರಡು. ಒಂದೇ ಮನೆತನ. ಎರಡನ್ನೂ ಮಾಡಿದ್ದು ನಿಮ್ಮ ತಂದೆ ಇದ್ದ ಡಿವಿಷನ್. ಅದು ಶುರುವಾಗಿದ್ದೇ ಆರ್ಫಿಯಸ್ ಮಾಡಲು. ನಾವು ಏರ್‌ಕ್ರಾಫ್ಟ್ ಕಡೆಯವರು ಮಾರುತ್‌ನ ಮೈ ಕಟ್ಟಿದೆವು, ಅವರು ಅದರ ಗುಂಡಿಗೆ ಮಾಡಿದರು. 'ನಮ್ಮ ಮಾರುತ್' ಅನ್ನಲು ಅವರಿಗೆ ನನ್ನಷ್ಟೇ ಹಕ್ಕಿದೆ.

ವಿಮಾನಪುರದ_ಮಗ

ಅಂಕಲ್, ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ಇಟ್ಟರು.

ಐವತ್ತು_ಎಂಎಂ

ಒಳ್ಳೆಯ ಎಳೆ ಇದು. ಫೋಟೊ ವಿಷಯಕ್ಕೆ ನಾನು ಬರುತ್ತೇನೆ.

ಮ್ಯೂಸಿಯಂನಲ್ಲಿ ಅಜೀತ್ ಇದೆ. ಗ್ನ್ಯಾಟ್‌ನ ತಮ್ಮ ಅಂದುಕೊಳ್ಳಿ. ಗ್ನ್ಯಾಟ್ ಅನ್ನೇ ತಿದ್ದಿ ಎಚ್‌ಎಎಲ್‌ನವರು ಮಾಡಿದ್ದು, 1975ರಲ್ಲಿ ಮೊದಲು ಹಾರಿತು. ರೆಕ್ಕೆಯೊಳಗೇ ಇಂಧನ ತುಂಬುವ ಹಾಗೆ ಮಾಡಿದ್ದರಿಂದ ಹೊರಗೆ ಟ್ಯಾಂಕ್ ನೇತು ಹಾಕುವ ಜಾಗ ಆಯುಧಕ್ಕೆ ಉಳಿಯಿತು. ಫೋಟೊದಲ್ಲಿ ಅಣ್ಣತಮ್ಮಂದಿರನ್ನು ಬೇರೆ ಮಾಡುವುದು ಕಷ್ಟ. ನಿಮ್ಮ ಜೋಡಿ ಫೋಟೊಗೆ ಅದೇ ಸರಿ. ಅಸಲಿ ಗ್ನ್ಯಾಟೇ ಬೇಕು ಅಂದರೆ ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ಇದೆ.

ಬೆಳಕು: ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದು ಗಂಟೆಯ ಬಿಸಿಲು ಬಿದ್ದರೆ ಬಣ್ಣ ಬಳಿದ ಲೋಹ ಕಣ್ಣಿಗೆ ಹೊಡೆಯುತ್ತದೆ, ರೆಕ್ಕೆಯ ಕೆಳಗೆ ಕಗ್ಗತ್ತಲೆ. ನನ್ನ ಕೇಳಿದರೆ ಆಷಾಢದ ಮೋಡ ಮುಚ್ಚಿದ ದಿನವೇ ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನವರು ಬೈಯುವ ಆ ಮಂಕು ಹವೆ ಇದೆಯಲ್ಲ, ಅದು ವಿಮಾನದ ಫೋಟೊಗೆ ವರ. ರಿವೆಟ್ ರಿವೆಟ್ ಕಾಣುತ್ತದೆ.

ಫೋನಿನಲ್ಲಿ 0.5 ಒತ್ತಬೇಡಿ, ದಯವಿಟ್ಟು. ಇಡೀ ವಿಮಾನ ಬರಲಿ ಅಂತ ಎಲ್ಲರೂ ಅದನ್ನೇ ಒತ್ತುತ್ತಾರೆ. ಮೂಗು ಬದನೆಕಾಯಿ ಆಗುತ್ತದೆ, ಬಾಲ ಇಲಿಬಾಲ ಆಗುತ್ತದೆ. ಸಾಧ್ಯವಾದಷ್ಟು ಹಿಂದೆ ಸರಿದು 1 ಅಥವಾ 2ರಲ್ಲಿ ತೆಗೆಯಿರಿ. ಕ್ಯಾಮೆರಾದಲ್ಲಿ ಆದರೆ 50 ಎಂಎಂ ಸಾಕು. ನನ್ನ ಹೆಸರೇ ಅದು, ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ.

ಇನ್ನೊಂದು, ನಿಮ್ಮ ಹಳೇ ಫೋಟೊ ತೆಗೆದವರು ಕ್ಯಾಮೆರಾವನ್ನು ಎಲ್ಲಿ ಹಿಡಿದಿದ್ದರು ನೋಡಿ. ತಂದೆಯ ಸೊಂಟದ ಮಟ್ಟದಲ್ಲಿ. ಆ ಕಾಲದ ಬಾಕ್ಸ್ ಕ್ಯಾಮೆರಾ ಅಥವಾ ಟಿಎಲ್‌ಆರ್ ಇರಬೇಕು, ಮೇಲಿಂದ ಬಗ್ಗಿ ನೋಡಿ ತೆಗೆಯುವಂಥದ್ದು. ನೀವು ನಿಂತು ಕಣ್ಣಿನ ಮಟ್ಟದಿಂದ ತೆಗೆದರೆ ಎಷ್ಟು ಮಾಡಿದರೂ ಅದೇ ಕೋನ ಬರುವುದಿಲ್ಲ. ಮಂಡಿ ಊರಿ. ಮಗಳು ಚಿಕ್ಕವಳಾದರೆ ಇನ್ನೂ ಕೆಳಗೆ.

ಬೀದರ್‌_ಹುಡುಗಿ

ಪೋಲರೈಸರ್ ಫಿಲ್ಟರ್ ಇದ್ದರೆ ಒಯ್ಯಲಿ ಅಲ್ವಾ? ಕ್ಯಾನಪಿಯ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳದ) ಮೇಲೆ ಆಕಾಶ ಹೊಳೆದು ಒಳಗಿನದು ಏನೂ ಕಾಣುವುದಿಲ್ಲ.

ಐವತ್ತು_ಎಂಎಂ

ಗಾಜಿಗೆ ಸರಿ. ಆದರೆ ಹಳೇ ಕ್ಯಾನಪಿಗಳು ಪ್ಲಾಸ್ಟಿಕ್ಕಿನವು. ಪೋಲರೈಸರ್ ತಿರುಗಿಸಿದರೆ ಕೆಲವೊಮ್ಮೆ ಕಾಮನಬಿಲ್ಲಿನ ಹಾಗೆ ಬಣ್ಣದ ಪಟ್ಟೆ ಕಾಣುತ್ತದೆ. ತಿರುಗಿಸುತ್ತಾ ನೋಡಿ, ಪಟ್ಟೆ ಬಂದರೆ ತೆಗೆದುಬಿಡಿ. ಒಂದು ಕರಿ ಬಟ್ಟೆ ಅಡ್ಡ ಹಿಡಿದರೂ ಹೊಳಪು ಹೋಗುತ್ತದೆ. ನಾನು ಹೆಂಡತಿಯ ಕರಿ ಕೊಡೆ ಒಯ್ಯುತ್ತೇನೆ. ಬಿಸಿಲಿಗೂ ಆಯಿತು.

ನಂಬರ್_ಹುಚ್ಚ

ನಾನು ಹೇಳುವುದು ಬೇರೆ. ಮ್ಯೂಸಿಯಂಗೆ ಹೋದವರು ಮೂಗಿನ ಮುಂದೆ ಸೆಲ್ಫಿ ತೆಗೆದು ಬರುತ್ತಾರೆ. ವಿಮಾನದ ಜಾತಕ ಇರುವುದು ಬೇರೆ ಕಡೆ. ಬಾಲದ ನಂಬರ್ ತೆಗೆಯಿರಿ. ಚಕ್ರದ ಗೂಡಿನ ಒಳಗೆ ಇಣುಕಿ ತೆಗೆಯಿರಿ, ಅಲ್ಲಿ ಬಣ್ಣ ಬಳಿಯುವವರ ಕೈ ಹೋಗಿರುವುದಿಲ್ಲ. ಹಳೇ ಬಣ್ಣ, ಹಳೇ ಸ್ಟೆನ್ಸಿಲ್ ಅಕ್ಷರ ಅಲ್ಲೇ ಉಳಿದಿರುತ್ತವೆ. ಎಲ್ಲಾದರೂ ತಯಾರಿಕೆಯ ತಗಡಿನ ಫಲಕ ಕಂಡರೆ ಬಿಡಲೇಬೇಡಿ.

ಯಾಕೆ ಅಂದರೆ ಮೇಲಿನ ಬಣ್ಣವನ್ನು ನಂಬುವ ಹಾಗಿಲ್ಲ. ಒಂದು ಊರಿನ ಪಾರ್ಕಿನಲ್ಲಿ ನಿಲ್ಲಿಸಿದ್ದ ವಿಮಾನಕ್ಕೆ ಎನಾಮಲ್ ಪೇಂಟ್ ಬಳಿದು ನಂಬರ್ ಅಳಿಸಿ ಹಾಕಿದ್ದರು. ಯಾಕೆ ಸ್ವಾಮಿ ಅಂದರೆ 'ಚೆಂದ ಕಾಣಲಿ ಅಂತ' ಅಂದರು. ನಾನು ಎರಡು ವರ್ಷ ಮೊದಲು ತೆಗೆದ ಒಂದು ಫೋಟೊ ಇಲ್ಲದಿದ್ದರೆ ಅದು ಯಾವ ವಿಮಾನ, ಯಾವ ಸ್ಕ್ವಾಡ್ರನ್‌ನಲ್ಲಿ ಇತ್ತು ಅನ್ನುವುದಕ್ಕೆ ನನ್ನ ಹತ್ತಿರ ದಾಖಲೆಯೇ ಇರುತ್ತಿರಲಿಲ್ಲ. ಅವತ್ತಿನಿಂದ ನನಗೆ ಈ ನಂಬರ್ ಹುಚ್ಚು. ಹೆಸರಿಟ್ಟುಕೊಂಡದ್ದೂ ಆಗಲೇ.

ಕಾರವಾರಿ

ಬಣ್ಣ ಬಿಡಿ, ನಮ್ಮ ಕಡೆ ಉಪ್ಪುಗಾಳಿ ವಿಮಾನವನ್ನೇ ತಿನ್ನುತ್ತದೆ. ನಮ್ಮೂರ ಕಡಲ ದಂಡೆಯಲ್ಲಿ ಚಪಲ್ ಹಡಗಿನ ಪಕ್ಕ ಈಗ ನೌಕಾಪಡೆಯ ಟುಪೊಲೆವ್–142 ನಿಂತಿದೆ. ಅದರ ಮುಂದೆ ಮನುಷ್ಯ ಇರುವೆ. ಎಂಜಿನ್ ಒಂದಕ್ಕೆ ಎರಡು ಪ್ರೊಪೆಲರ್, ಒಂದರ ಹಿಂದೆ ಒಂದು, ಎದುರು ಬದುರು ತಿರುಗುವಂಥವು. ಸಂಜೆ ಸೂರ್ಯ ಕಡಲಿಗೆ ಇಳಿಯುವಾಗ ಆ ಎಂಟು ಪ್ರೊಪೆಲರ್‌ಗಳ ನೆರಳುಚಿತ್ರ ತೆಗೆಯಿರಿ, ಆಮೇಲೆ ನನ್ನ ನೆನೆಸಿಕೊಳ್ಳಿ.

ಗೋವಾದ ದಾಬೋಲಿ ನೌಕಾ ವಿಮಾನ ಮ್ಯೂಸಿಯಂ ನೋಡದವರು ಒಮ್ಮೆ ಹೋಗಿ. 1998ರಲ್ಲಿ ತೆರೆದದ್ದು. ಏರ್‌ಫೀಲ್ಡಿನ ಮಗ್ಗುಲಲ್ಲೇ ಇದೆ. ವಿಕ್ರಾಂತ್ ಮೇಲಿಂದ ಹಾರಿದ ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್ ಎಲ್ಲ ಬಯಲಲ್ಲೇ ನಿಂತಿವೆ. ಆದರೆ ನನ್ನ ಕಣ್ಣು ಯಾವಾಗಲೂ ಹೋಗುವುದು ಸೂಪರ್ ಕಾನ್‌ಸ್ಟಲೇಷನ್ ಕಡೆಗೆ. ಡಾಲ್ಫಿನ್ ಹಾಗೆ ಬಾಗಿದ ಮೈ, ಬಾಲಕ್ಕೆ ಮೂರು ರೆಕ್ಕೆ. ಏರ್ ಇಂಡಿಯಾ, ವಾಯುಪಡೆ, ಆಮೇಲೆ ನೌಕಾಪಡೆ, ಮೂರು ಮನೆ ಕಂಡ ಸೊಸೆ ಅದು. ಅಲ್ಲಿ ಮೂಲೆಯಲ್ಲಿ ಒಂದು ಎಚ್‌ಟಿ–2 ಕೂಡ ಇದೆ, ನಿಮ್ಮ ಬೆಂಗಳೂರಿನ ಕೂಸು.

ನಿವೃತ್ತ_ಫಿಟ್ಟರ್

ಎಚ್‌ಟಿ–2 ಅಂದಿರಾ! ಡಾಕ್ಟರ್ ಘಾಟಗೆಯವರ ವಿಮಾನ. 1951ರಲ್ಲಿ ಹಾರಿದ್ದು. ಬಾಲದ ಕೆಳಗೆ ಪುಟ್ಟ ಚಕ್ರ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ನೆಲದ ಮೇಲೆ ಓಡಿಸುವಾಗ ಮೂಗು ಮೇಲೆ ಇರುವುದರಿಂದ ಮುಂದಿನ ದಾರಿಯೇ ಕಾಣುವುದಿಲ್ಲ. ಹಾವಿನ ಹಾಗೆ ಸೊಟ್ಟ ಸೊಟ್ಟ ಓಡಿಸಬೇಕು. ಫೋಟೊ ತೆಗೆಯುವವರಿಗೆ ಒಂದು ಮಾತು: ಇದನ್ನು ಪಕ್ಕದಿಂದ ತೆಗೆದರೆ ಮಾತ್ರ ಆ ಗತ್ತು ಕಾಣುತ್ತದೆ. ಮುಂದಿನಿಂದ ತೆಗೆದರೆ ಏನೂ ಅಲ್ಲ.

ತಲೆಹರಟೆ

ಎಲ್ಲ ಸರಿ, ಮಾರುತ್ ವಿಮಾನದಿಂದಲೇ ಮಾರತಹಳ್ಳಿಗೆ ಆ ಹೆಸರು ಬಂತಂತೆ, ಹೌದಾ?

ನಿವೃತ್ತ_ಫಿಟ್ಟರ್

ನನ್ನ ಅತ್ತೆಯ ತವರು ಮಾರತಹಳ್ಳಿ. ಮಾರುತ್ ಹಾರುವ ಮೊದಲೇ ಅವರ ಲಗ್ನಪತ್ರಿಕೆಯಲ್ಲಿ ಆ ಹೆಸರಿತ್ತು. ವಿಮಾನದವರ ಹೆಸರು ಬೇಕಾದರೆ ಸುರಂಜನ್ ದಾಸ್ ರಸ್ತೆ ನೋಡಿ. ದಿನಾ ಆ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಬೈಯುತ್ತೀರಲ್ಲ, ಅವರು ಯಾರು ಅಂತ ಎಷ್ಟು ಜನಕ್ಕೆ ಗೊತ್ತು? 1961ರ ಜೂನ್ 17ರಂದು ಮಾರುತ್ ಅನ್ನು ಮೊದಲ ಬಾರಿಗೆ ಮೇಲಕ್ಕೆ ಎತ್ತಿದವರು. 1970ರ ಜನವರಿ 10ರಂದು ಅದೇ ಮಾರುತ್‌ನ ಹೊಸ ಮಾದರಿಯನ್ನು ಪರೀಕ್ಷೆ ಮಾಡುವಾಗ ತೀರಿಕೊಂಡರು. ಎಂಜಿನ್‌ಗೆ ಆಫ್ಟರ್‌ಬರ್ನರ್ (ಹೆಚ್ಚು ಇಂಧನ ಉರಿಸಿ ತಳ್ಳುವ ಬಲ ಏರಿಸುವ ಸಾಧನ) ಕೂರಿಸಿ ನೋಡುತ್ತಿದ್ದ ವಿಮಾನ ಅದು.

ಅಲ್ಲಿಗೇ ಬಂತು ನೋಡಿ ಮತ್ತೆ ಎಂಜಿನ್ ಕಥೆ. ಮಾರುತ್‌ನ ಮೈಕಟ್ಟು ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಮಾಡಿದ್ದು. ಅದಕ್ಕೆ ಬೇಕಾಗಿದ್ದ ಆರ್ಫಿಯಸ್ 12 ಎಂಜಿನ್ 8,000 ಪೌಂಡ್‌ಗೂ ಜಾಸ್ತಿ ತಳ್ಳುವಂಥದ್ದು. ಅದನ್ನು ಇಂಗ್ಲೆಂಡಿನಲ್ಲಿ ಮಧ್ಯದಲ್ಲೇ ಕೈಬಿಟ್ಟರು. ಕೈಗೆ ಸಿಕ್ಕ 703 ತಳ್ಳುತ್ತಿದ್ದುದು 4,850 ಪೌಂಡ್. ಎತ್ತಿನ ಗಾಡಿಗೆ ಕರು ಕಟ್ಟಿದ ಹಾಗಾಯಿತು. ಆಮೇಲೆ ಎಲ್ಲರೂ 'ಮಾರುತ್ ನಿಧಾನ' ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಷ್ಟರಲ್ಲೂ 147 ವಿಮಾನ ಕಟ್ಟಿದೆವು. 1971ರಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಹಾರಿ ಕೆಲಸ ಮಾಡಿ ತೋರಿಸಿತು.

ಮ್ಯೂನಿಕ್_ಮಲ್ನಾಡಿಗ

ತಡವಾಗಿ ಬರುತ್ತಿದ್ದೇನೆ. ಮಾರುತ್ ಅಂತ ಕಂಡ ತಕ್ಷಣ ನಿಲ್ಲಲು ಆಗಲಿಲ್ಲ. ಇಲ್ಲಿ ಮ್ಯೂನಿಕ್‌ನಿಂದ ಎಸ್ 1 ರೈಲು ಹತ್ತಿ ಓಬರ್‌ಶ್ಲೈಸ್‌ಹೈಮ್‌ನಲ್ಲಿ ಇಳಿದರೆ ಒಂದು ಹಳೇ ಏರ್‌ಫೀಲ್ಡ್ ಇದೆ. 1912ರಲ್ಲಿ ಬವೇರಿಯಾದ ಸೇನೆಗಾಗಿ ಶುರುವಾದದ್ದು. ಈಗಲೂ ಅಲ್ಲಿ ಚಿಕ್ಕ ವಿಮಾನಗಳು ಇಳಿಯುತ್ತವೆ. ಹಳೇ ಹ್ಯಾಂಗರ್, ಕಮಾಂಡರ್ ಕಟ್ಟಡ ಎಲ್ಲ ಸೇರಿಸಿ 1992ರಲ್ಲಿ ಡಾಯ್ಚಸ್ ಮ್ಯೂಸಿಯಂನವರು ಶಾಖೆ ಮಾಡಿದರು.

ಮೊದಲ ಸಲ ಹೋದಾಗ ಏನೂ ತಿಳಿಯದೆ ಸುತ್ತುತ್ತಿದ್ದೆ. ಸ್ಟಾರ್‌ಫೈಟರ್, ಮಿಗ್, ಫ್ಯಾಂಟಮ್ ನೋಡಿಕೊಂಡು ಬಂದವನು ಒಂದು ವಿಮಾನದ ಮುಂದೆ ನಿಂತುಬಿಟ್ಟೆ. ಮೈ ಮೇಲೆ ನಮ್ಮ ಕೇಸರಿ ಬಿಳಿ ಹಸಿರು ಚಕ್ರ. ಬೋರ್ಡ್ ಓದಿದರೆ ಎಚ್‌ಎಎಲ್ ಎಚ್‌ಎಫ್–24 ಮಾರುತ್! ಊರು ಬಿಟ್ಟು ಮೂರು ವರ್ಷ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಅಜ್ಜನಿಗೆ 'ಇದು ನಮ್ಮ ಬೆಂಗಳೂರಿನದು' ಅಂತ ಹರಕು ಜರ್ಮನ್‌ನಲ್ಲಿ ಹೇಳಿದೆ. ಆತ ನಕ್ಕು 'ನಮ್ಮ ಟ್ಯಾಂಕ್‌ನದೂ ಹೌದು' ಅಂದ. ನಾನು ಯುದ್ಧದ ಟ್ಯಾಂಕ್ ಅಂದುಕೊಂಡು ಪೆಚ್ಚಾದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಕುರ್ಟ್ ಟ್ಯಾಂಕ್ ಅಂದರೆ ಮನುಷ್ಯ! ಫೋಕೆ–ವುಲ್ಫ್ 190 ಮಾಡಿದವರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್ ವಿನ್ಯಾಸ ಮಾಡಿದವರು. ಕೊನೆಗೆ 1983ರಲ್ಲಿ ತೀರಿಕೊಂಡದ್ದು ಇದೇ ಮ್ಯೂನಿಕ್‌ನಲ್ಲಿ.

ಅಲ್ಲಿ ನಾನು ತೆಗೆದ ಫೋಟೊಗಳು ಒಂದೂ ಸರಿ ಬರಲಿಲ್ಲ. ಒಂದು ಕಡೆಯಿಂದ ಗಾಜಿನ ಬೆಳಕು, ಇನ್ನೊಂದು ಕಡೆಯಿಂದ ದೀಪದ ಬೆಳಕು, ವಿಮಾನದ ಅರ್ಧ ನೀಲಿ ಅರ್ಧ ಹಳದಿ.

ಐವತ್ತು_ಎಂಎಂ

ರಾ ಫೈಲ್‌ನಲ್ಲಿ ತೆಗೆದು ಆಮೇಲೆ ಸರಿ ಮಾಡಿ ಅಣ್ಣ. ಅದೂ ಆಗದಿದ್ದರೆ ಕಪ್ಪು ಬಿಳುಪು ಮಾಡಿಬಿಡಿ. ನಾನು ಎಷ್ಟೋ ಸಲ ಮರ್ಯಾದೆ ಉಳಿಸಿಕೊಂಡದ್ದು ಹಾಗೆಯೇ.

ನಂಬರ್_ಹುಚ್ಚ

ಬೆಂಗಳೂರಿನಲ್ಲೇ ಇನ್ನೊಂದು ಮಾರುತ್ ಬೇಕಾದವರು ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಮಾರುತ್ ಗುರುತು ಹಿಡಿಯುವುದು ಸುಲಭ. ಮೈಯ ಎರಡೂ ಕಡೆ ಗಾಳಿ ಒಳಗೆ ಹೋಗುವ ಇಂಟೇಕ್ ಅರ್ಧಚಂದ್ರಾಕಾರ, ಅದರ ನಡುವೆ ಅರ್ಧ ಕೋನಿನ ಹಾಗೆ ಒಂದು ಉಬ್ಬು. ಮೇಲಿಂದ ನೋಡಿದರೆ ನಡು ಸಣ್ಣ. ಹಿಂದೆ ಹೋದರೆ ಎರಡು ಜೆಟ್ ಪೈಪ್ ಜೋಡಿಯಾಗಿ. ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಹಿಂದೆ ಎರಡು ಬಾಯಿ, ಅಜೀತ್ ಹಿಂದೆ ಒಂದು ಬಾಯಿ. ವಿಮಾನಪುರದವರೇ, ನೀವು ಅದನ್ನೇ ತೆಗೆಯಬೇಕು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ತಂದೆಯ ಕೆಲಸ ಇದ್ದದ್ದು ಆ ಪೈಪಿನ ಒಳಗೆ.

ಬೀದರ್‌_ಹುಡುಗಿ

ಕಿರಣ್ ಮಾರ್ಕ್ 2ರಲ್ಲೂ ಆರ್ಫಿಯಸ್ಸೇ ಇದ್ದದ್ದು. ಮಾರ್ಕ್ 1ರಲ್ಲಿ ವೈಪರ್ ಎಂಜಿನ್. ನಮ್ಮೂರ ಆಕಾಶದಲ್ಲಿ ಒಂಬತ್ತು ವಿಮಾನ ಸಾಲಾಗಿ ಹೋಗುವಾಗ ಕೇಳಿದ ಸದ್ದು ಇವರ ತಂದೆಯ ಡಿವಿಷನ್ನಿನದು ಅಂತ ಇವತ್ತು ಗೊತ್ತಾಯಿತು ನೋಡ್ರಿ.

ಕಾರವಾರಿ

ಒಂದು ಎಚ್ಚರಿಕೆ. ಏರ್‌ಫೀಲ್ಡ್ ಪಕ್ಕದ ಮ್ಯೂಸಿಯಂಗಳಲ್ಲಿ ಕ್ಯಾಮೆರಾದ ಮುಖ ರನ್‌ವೇ ಕಡೆ, ಬೇಲಿಯಾಚೆ ತಿರುಗಿಸಬೇಡಿ. ನಾನು ಒಂದು ಕಡೆ ಸುಮ್ನೆ ಇಳಿಯುತ್ತಿದ್ದ ವಿಮಾನದ ಕಡೆ ಲೆನ್ಸ್ ಎತ್ತಿದೆ ಅಷ್ಟೇ. ಕಾವಲಿನವರು ಬಂದು ಅರ್ಧ ಗಂಟೆ ಕೂರಿಸಿ, ಕಾರ್ಡಿನಲ್ಲಿದ್ದದ್ದನ್ನೆಲ್ಲ ಅಳಿಸಿ ಕಳಿಸಿದರು. ಮಗಳ ಹುಟ್ಟುಹಬ್ಬದ ಫೋಟೊಗಳೂ ಅದರಲ್ಲೇ ಇದ್ದವು. ತಪ್ಪು ನನ್ನದೇ, ಬೋರ್ಡ್ ಇತ್ತು. ಟ್ರೈಪಾಡ್ ಒಯ್ಯುವವರು ಟಿಕೆಟ್ ಕೌಂಟರ್‌ನಲ್ಲೇ ಕೇಳಿಬಿಡಿ. ಹೋಗುವಾಗ ಖಾಲಿ ಕಾರ್ಡ್ ಹಾಕಿಕೊಂಡು ಹೋಗಿ.

ವಿಮಾನಪುರದ_ಮಗ

ಹೋಗಿ ಬಂದೆವು!

ಬೆಳಿಗ್ಗೆ ಬೇಗ ಹೋದೆವು. ಮೋಡ ಇತ್ತು, ಐವತ್ತು_ಎಂಎಂ ಸರ್ ಹಾರೈಕೆ. ಅಮ್ಮನೂ ಬಂದರು. ಅಜೀತ್ ಮುಂದೆ ಮಗಳನ್ನು ನಿಲ್ಲಿಸಿ, ನಾನು ಮಂಡಿಯೂರಿ, ಹಳೇ ಫೋಟೊವನ್ನು ಒಂದು ಕೈಯಲ್ಲಿ ಹಿಡಿದು ಹೋಲಿಸುತ್ತಾ ತೆಗೆದೆ. ಅಪ್ಪ ಮೊಣಕೈ ಊರಿದ ಕಡೆ ಅವಳ ಕೈ ಎಟುಕಲಿಲ್ಲ. ಎಟುಕಿದ್ದರೂ ಮುಟ್ಟುವ ಹಾಗಿರಲಿಲ್ಲ ಬಿಡಿ. ಅವಳು ಪಕ್ಕದಲ್ಲಿ ನಿಂತು ಮೊಣಕೈಯನ್ನು ಗಾಳಿಯಲ್ಲೇ ಊರಿದಳು. ಫೋಟೊದಲ್ಲಿ ಊರಿದ ಹಾಗೆಯೇ ಕಾಣುತ್ತದೆ.

ಆಮೇಲೆ ಹಿಂದೆ ಹೋದೆ. ಮೊದಲು ಅಜೀತ್‌ನ ಒಂದು ಬಾಯಿ, ಆಮೇಲೆ ಮಾರುತ್‌ನ ಎರಡು ಬಾಯಿ. ಆಕಾಶದ ಬೆಳಕಿಗೆ ಫೋನು ಒಳಗಿನದನ್ನೆಲ್ಲ ಕಪ್ಪು ಮಾಡುತ್ತಿತ್ತು. ಪರದೆಯಲ್ಲಿ ಪೈಪಿನ ಒಳಗೆ ಬೆರಳಿಟ್ಟು ಒತ್ತಿ ಹಿಡಿದು ಸ್ವಲ್ಪ ಬೆಳಕು ಏರಿಸಿದೆ. ಆಗ ಒಳಗಿನ ಮಸಿ ಹಿಡಿದ ಉಂಗುರ ಕಾಣಿಸಿತು. ನಾಲ್ಕು ಫೋಟೊ ಹಾಕಿದ್ದೇನೆ, ನಂಬರ್ ಸರ್‌ಗೆ ಬಾಲದ ನಂಬರಿನದು ಬೇರೆ.

ಮನೆಗೆ ಬಂದು ಅಮ್ಮನಿಗೆ ಮಾರುತ್ ಫೋಟೊ ತೋರಿಸಿದೆ. ತುಂಬ ಹೊತ್ತು ನೋಡಿ, 'ಅಲ್ವೋ, ಎಲ್ಲ ಬಿಟ್ಟು ಹಿಂದಿನಿಂದ ಯಾಕೋ ತೆಗೆದಿದ್ದೀಯ? ಮುಖವೇ ಇಲ್ಲ' ಅಂದರು.

ನಿವೃತ್ತ_ಫಿಟ್ಟರ್

ಮೂರನೇ ಫೋಟೊದಲ್ಲಿ ಬಲಗಡೆಯ ಪೈಪಿನ ಅಂಚು ಸ್ವಲ್ಪ ಬಡಿದ ಹಾಗಿದೆಯಲ್ಲ? ಇನ್ನೂ ಹತ್ತಿರದಿಂದ ತೆಗೆದದ್ದು ಇದ್ದರೆ ಹಾಕು ಮಗು.